ನಾಲ್ಕನೆಯ ಸುರಂಗದ ಗಾಳಿ

ಜಂಬುಗುಡ್ಡದ ಹೊಟ್ಟೆಯೊಳಗಿನ ಕಬ್ಬಿಣಕ್ಕೆ ಹನ್ನೊಂದು ದಿನಗಳಿಂದ ಬಿಸಿಲಿನ ಕರೆಂಟು ಸಿಕ್ಕಿರಲಿಲ್ಲ. ಆಷಾಢದ ಮೋಡ ಸಂಡೂರಿನ ಗುಡ್ಡಸಾಲಿನ ಮೇಲೆ ಕೂತಿತ್ತು. ಏಳುವ ಲಕ್ಷಣವೇ ಇರಲಿಲ್ಲ. ಕೆಳಗಿನ ಬಯಲಲ್ಲಿ ಹರಡಿದ್ದ ಸಾವಿರಾರು ಸೌರಫಲಕಗಳು ಮಳೆಹನಿ ಸುರಿಸುತ್ತ ಸುಮ್ಮನೆ ಬಿದ್ದಿದ್ದವು.

ಸುತ್ತಲಿನ ಜನ ಈ ಗುಡ್ಡವನ್ನು ‘ತುಕ್ಕಿನ ಗವಿ’ ಎನ್ನುತ್ತಿದ್ದರು. ಹೆಸರು ತಮಾಷೆಯದಾದರೂ ಸುಳ್ಳಲ್ಲ. ಗುಡ್ಡದ ಬುಡದಲ್ಲಿ ಆರು ಉದ್ದನೆಯ ಸುರಂಗಗಳನ್ನು ಕೊರೆದು, ಅವುಗಳ ಎರಡೂ ಬದಿಗೆ ಕ್ಷಾರದ ನೀರಿನಲ್ಲಿ ನೆನೆದ ಕಬ್ಬಿಣದ ತಟ್ಟೆಗಳನ್ನು ಸಾಲುಸಾಲಾಗಿ ಜೋಡಿಸಿದ್ದರು. ಗಾಳಿ ಒಳಗೆ ಹರಿದಾಗ ಆ ಕಬ್ಬಿಣ ತುಕ್ಕು ಹಿಡಿಯುತ್ತಿತ್ತು. ಕಬ್ಬಿಣ ಬಿಟ್ಟುಕೊಟ್ಟ ಇಲೆಕ್ಟ್ರಾನುಗಳನ್ನು ಗಾಳಿಯ ಆಮ್ಲಜನಕ ಎಳೆದುಕೊಳ್ಳುತ್ತಿತ್ತು. ಇಬ್ಬರ ನಡುವೆ ತಂತಿ ಎಳೆದುಬಿಟ್ಟರೆ ಆ ಕೊಡುಕೊಳೆಯೇ ವಿದ್ಯುತ್ತು. ಬಿಸಿಲು ಬಂದಾಗ ಇದೆಲ್ಲ ತಿರುಗಿ ನಡೆಯುತ್ತಿತ್ತು. ಫಲಕಗಳ ಕರೆಂಟು ಇಲೆಕ್ಟ್ರಾನುಗಳನ್ನು ಮತ್ತೆ ತುಕ್ಕಿಗೆ ತುಂಬಿ ಅದನ್ನು ಕಬ್ಬಿಣ ಮಾಡುತ್ತಿತ್ತು. ತುಕ್ಕು ಹಿಡಿದಿಟ್ಟುಕೊಂಡಿದ್ದ ಆಮ್ಲಜನಕವೆಲ್ಲ ಸುರಂಗಕ್ಕೆ ಬಿಡುಗಡೆಯಾಗುತ್ತಿತ್ತು. ಮೂರು ಜಿಲ್ಲೆಗಳ ದೀಪ, ಪಂಪು, ಕಾರ್ಖಾನೆಗಳೆಲ್ಲ ಈ ತುಕ್ಕಿನ ಮೇಲೆ ನಡೆಯುತ್ತಿದ್ದವು.

ಇಂಥ ಗುಡ್ಡವನ್ನು ಕಟ್ಟಿದವರಿಗೂ ಒಂದು ಕೆಲಸಕ್ಕೆ ಯಂತ್ರ ಮಾಡಲು ಆಗಿರಲಿಲ್ಲ. ತಟ್ಟೆಗಳ ಅಂಚಿನಲ್ಲಿ ಕ್ಷಾರ ಒಣಗಿ ಬಿಳಿಯ ಹಕ್ಕಳೆ ಕಟ್ಟುತ್ತಿತ್ತು. ಅದನ್ನು ವಾರಕ್ಕೊಮ್ಮೆ ಕೆರೆದು ತೆಗೆಯಬೇಕು. ತಟ್ಟೆಗಳ ಸಂದಿಯಲ್ಲಿ ಹೋಗುವಷ್ಟು ತೆಳ್ಳಗಿನ ಕೈ ಹೆಂಗಸರದೇ. ಹಾಗಾಗಿ ಗುತ್ತಿಗೆಯ ಮೇಲೆ ನಾಲ್ಕು ನಾಲ್ಕು ಹೆಂಗಸರ ತಂಡಗಳನ್ನು ಇಟ್ಟುಕೊಂಡಿದ್ದರು. ಅಂಥ ಒಂದು ತಂಡದ ಮುಂದಾಳು ಹುಲಿಗೆಮ್ಮ. ನಿಯಂತ್ರಣ ಕೊಠಡಿಯಲ್ಲಿ ಪರದೆಗಳ ಮುಂದೆ ಕೂರುತ್ತಿದ್ದ ಪಂಪಾಪತಿ ಅವಳ ತಮ್ಮ.

ಪಂಪಾಪತಿಯ ಹೆಂಡತಿ ತೀರಿಕೊಂಡಾಗ ಮಗಳು ತುಂಗಾಗೆ ಮೂರು ವರ್ಷ. ಅಷ್ಟು ಹೊತ್ತಿಗೆ ಗಂಡನನ್ನು ಕಳೆದುಕೊಂಡಿದ್ದ ಹುಲಿಗೆಮ್ಮ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದಳು. ತಮ್ಮನನ್ನು ಓದಿಸಲೆಂದು ತಾನು ಶಾಲೆ ಬಿಟ್ಟವಳು, ಈಗ ತಮ್ಮನ ಮಗಳಿಗೂ ತಾಯಿಯಾದಳು. ತುಂಗಾ ಈಗ ಹತ್ತನೆಯ ತರಗತಿ.

ಐದು ತಿಂಗಳ ಹಿಂದೆ, ಒಂದು ಭಾನುವಾರದ ಊಟಕ್ಕೆ ಮೂವರೂ ಕೂತಿದ್ದರು. ತುಂಗಾ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಇನ್ನೊಂದು ಕೈಯಲ್ಲಿ ವಿಜ್ಞಾನದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. “ಇಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ. ಇಲೆಕ್ಟ್ರಾನ್ ಪಡೆದುಕೊಳ್ಳುವುದು ಅಪಕರ್ಷಣ. ಒಂದು ನಡೆದಲ್ಲಿ ಇನ್ನೊಂದು ನಡೆಯಲೇಬೇಕು.”

ಹುಲಿಗೆಮ್ಮ ಪಲ್ಯ ಬಡಿಸುತ್ತಿದ್ದವಳು ನಿಂತಳು. “ಈ ಪುಸ್ತಕ ಬರದೋರಿಗೆ ತಲಿ ನೆಟ್ಟಗೈತೇನು? ಕಳಕೊಂಡೋರಿಗೆ ಉತ್ಕರ್ಷ, ಪಡಕೊಂಡೋರಿಗೆ ಅಪಕರ್ಷ! ಲೋಕದಾಗ ಎಲ್ಲೈತಿ ಹಂಗ?”

ತುಂಗಾ ನಕ್ಕಳು. ಪಂಪಾಪತಿಯೂ ನಕ್ಕ. “ಅದು ಬರೀ ಹೆಸರು ಅಕ್ಕ. ಕಬ್ಬಿಣ ತುಕ್ಕು ಹಿಡಿಯೋದು, ನಾವು ಉಸಿರಾಡೋದು, ಒಲಿ ಉರಿಯೋದು, ಮೂರೂ ಒಂದ ಕೆಲಸ ನೋಡು. ತುಕ್ಕು ನಿಧಾನ, ಉಸಿರು ಬೆಚ್ಚಗ, ಬೆಂಕಿ ಜೋರು. ಮೂರಕ್ಕೂ ಬೇಕಾಗಿದ್ದು ಅದ ಗಾಳಿ.”

“ಹಂಗಾರ ನಾವೂ ಕಬ್ಬಿಣನೂ ಒಂದ ಗಂಗಾಳಕ್ಕ ಕೈ ಹಾಕ್ತೀವಿ ಅನ್ನು.”

“ಅದಕ್ಕ ನಿಮಗ ಬಿಲ್ಲೆ ಕೊಟ್ಟಿರೋದು. ಕೊರಳಾಗಿನ ಬಿಲ್ಲೆ ಸುರಂಗದ ಒಳಗ ಬಂತಂದ್ರ ನನ್ನ ಪರದೆ ಮ್ಯಾಲೆ ಕಾಣತೈತಿ. ಆಗ ಆ ಸುರಂಗದಾಗ ಕರೆಂಟ್ ಎಳೆಯೋದು ತಾನ ನಿಲ್ಲತೈತಿ.”

ಹುಲಿಗೆಮ್ಮ ತಟ್ಟೆ ನೋಡುತ್ತಲೇ ಹೇಳಿದಳು. “ಬಿಲ್ಲೆ ಎಲ್ಲಿ ಒಳಗ ಒಯ್ಯಾಕ ಬಿಡ್ತಾನ ಆ ಗಾದಿಲಿಂಗ? ಬಾಗಲ್ದಾಗ ಬಿಚ್ಚಿಸಿ ಡಬ್ಬಿಗೆ ಹಾಕಿಸ್ಕೊಂತಾನ. ಬಿಲ್ಲೆ ಒಳಗ ಹೋದ್ರ ಕರೆಂಟ್ ನಿಲ್ಲತೈತಿ, ಮ್ಯಾಲಿನೋರು ನನ್ನ ಕೊರಳು ಹಿಡೀತಾರ ಅಂತಾನ.”

ಗಾದಿಲಿಂಗ ಆ ತಂಡದ ಮೇಸ್ತ್ರಿ. ಪಂಪಾಪತಿಯ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. “ಯಾವಾಗಿಂದ?”

“ದೀಪಾವಳಿ ಹಿಂದಿನಿಂದ. ಫ್ಯಾನ್ ಇರ್ತಾವಲ್ಲ ಬಿಡು.”

ಮರುದಿನ ಅವನು ಸ್ಥಾವರದ ಮ್ಯಾನೇಜರ್ ಸುದರ್ಶನ್ ಅವರ ಕೋಣೆಗೆ ಹೋಗಿ ವಿಷಯ ಹೇಳಿದ. ಸುದರ್ಶನ್ ಕನ್ನಡಕ ತೆಗೆದು ಒರೆಸಿಕೊಂಡರು. “ರೀ ಪಂಪಾಪತಿ, ನೀವು ಕಣ್ಣಾರೆ ಕಂಡಿದ್ದೀರಾ? ಬರೆದುಕೊಡಿ, ವಿಚಾರಣೆ ಮಾಡಿಸ್ತೀನಿ. ಆದ್ರೆ ವಿಚಾರಣೆ ಮುಗಿಯೋವರೆಗೆ ನಿಮ್ಮ ಅಕ್ಕನ ತಂಡವನ್ನ ಕೆಲಸದಿಂದ ಹೊರಗಿಡಬೇಕಾಗುತ್ತೆ. ಯೋಚನೆ ಮಾಡಿ.”

ಅವನು ಯೋಚನೆ ಮಾಡಿದ. ಬರೆದುಕೊಡಲಿಲ್ಲ. ಒಂದು ವಾರ ನಿದ್ದೆ ಕೆಟ್ಟ. ಆಮೇಲೆ ನಿದ್ದೆ ಬಂತು. ಫ್ಯಾನುಗಳಿದ್ದವು, ಬಿಸಿಲಿತ್ತು, ದಿನಾ ಸಂಜೆ ಅಕ್ಕ ಮನೆಗೆ ಬರುತ್ತಿದ್ದಳು. ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಮೋಡದ ಹನ್ನೆರಡನೆಯ ದಿನ, ಬೆಳಿಗ್ಗೆ ಎಂಟಕ್ಕೆ, ಅಕ್ಕ ತಮ್ಮ ಇಬ್ಬರೂ ಒಂದೇ ಬಸ್ಸಿನಲ್ಲಿ ಇಳಿದರು. ಗೇಟಿನ ಹತ್ತಿರ ಹುಲಿಗೆಮ್ಮ ಸೆರಗು ತಲೆಗೆ ಹೊದ್ದುಕೊಂಡು ಎಡಕ್ಕೆ ಹೋದಳು. ಇವನು ಬಲಕ್ಕೆ.

ಹತ್ತೂವರೆಗೆ ಸುದರ್ಶನ್ ಫೋನು ಮಾಡಿದರು. “ಗ್ರಿಡ್‌ನವರು ಜೀವ ತಿಂತಿದ್ದಾರೆ. ಎಲ್ಲಾ ಕಡೆ ಮುಗೀತಾ ಬಂದಿದೆ. ನಿಮ್ಮ ನಾಲ್ಕನೇ ಸುರಂಗದಲ್ಲಿ ಇನ್ನೂ ಅರ್ಧ ಇದೆ ಅಲ್ವಾ? ಪೂರ್ತಿ ಎಳೀರಿ. ಫ್ಯಾನುಗಳನ್ನ ಅರ್ಧಕ್ಕೆ ಇಳಿಸಿ. ಅವು ತಿನ್ನೋ ಕರೆಂಟೂ ಹೊರಗೆ ಹೋಗಲಿ.”

ಪಂಪಾಪತಿ ಪರದೆ ನೋಡಿದ. ನಾಲ್ಕನೆಯ ಸುರಂಗ: ಒಳಗಿರುವವರು, ಸೊನ್ನೆ.

“ಸರ್, ಕೆರೆಯೋ ತಂಡ ಇವತ್ತು ಯಾವ ಸುರಂಗದಾಗ ಐತಿ?”

“ಬೋರ್ಡ್ ಏನು ಹೇಳುತ್ತೆ?”

“ಸೊನ್ನೆ ಅಂತೈತಿ.”

“ಮತ್ತೆ?”

ಪಂಪಾಪತಿ ಗಾದಿಲಿಂಗನಿಗೆ ಫೋನು ಹಚ್ಚಿದ. “ನಾಕನೇದ್ರಾಗ ಯಾರರ ಅದಾರೇನು?”

“ಯಾರೂ ಇಲ್ಲ ಬಿಡ್ರಿ ಸರ, ಚಾ ಕುಡ್ಯಾಕ ಹೋಗ್ಯಾರ” ಎಂದ ಗಾದಿಲಿಂಗ. ದನಿಯಲ್ಲಿ ಅವಸರವಿತ್ತು. ಹಿಂದೆ ಮಳೆಯ ಸದ್ದಿತ್ತು.

ಸುರಂಗದ ನಡುಮಧ್ಯೆ ಗೋಡೆಗೆ ಒಂದು ಫೋನು ಇತ್ತು. ಅದಕ್ಕೂ ರಿಂಗು ಮಾಡಿದ. ಯಾರೂ ಎತ್ತಲಿಲ್ಲ. ತಟ್ಟೆಗಳ ಸಂದಿಗೆ ಕೈಹಾಕಿ ಕೂತು ಕೆರೆಯುವವರಿಗೆ ಅದು ಕೇಳಿಸುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಯಾರೂ ಎತ್ತಲಿಲ್ಲ ಅಂದರೆ ಯಾರೂ ಇಲ್ಲ ಎಂದುಕೊಂಡ. ಗುಂಡಿ ಒತ್ತಿದ.

ಮಾಮೂಲು ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ. ನಾಲ್ಕನೆಯ ಸುರಂಗದ ಅಂಕಿ ಹದಿನೆಂಟಕ್ಕೆ ಇಳಿಯಿತು, ಹದಿನೇಳಕ್ಕೆ ಇಳಿಯಿತು. ಹದಿನೈದಕ್ಕೆ ಬಂದಾಗ ಬಾಗಿಲಿನ ಉಕ್ಕಿನ ಅಗುಳಿಗಳು ತಾವಾಗಿಯೇ ಬಿದ್ದವು. ಹೊರಗಿನವರು ತಿಳಿಯದೆ ಒಳಗೆ ಹೋಗಬಾರದೆಂದು ಮಾಡಿದ ಏರ್ಪಾಡು ಅದು. ಒಳಗೆ ಒಂದೇ ಒಂದು ಬಿಲ್ಲೆ ಇದ್ದಿದ್ದರೂ ಆ ಅಗುಳಿ ಬೀಳುತ್ತಿರಲಿಲ್ಲ.

ಹದಿಮೂರು. ಹನ್ನೊಂದು. ಆಮ್ಲಜನಕ ಕಡಿಮೆಯಾದ ಗಾಳಿಗೆ ವಾಸನೆಯಿಲ್ಲ, ಉರಿಯಿಲ್ಲ. ಹೊಗೆ ತುಂಬಿದಾಗ ಆಗುವಂತೆ ಉಸಿರು ಕಟ್ಟುವುದಿಲ್ಲ. ಮನುಷ್ಯ ಸ್ವಲ್ಪ ಹಗುರಾಗುತ್ತಾನೆ, ಕಾರಣವಿಲ್ಲದೆ ನಗುತ್ತಾನೆ, ಕೂತುಕೊಳ್ಳೋಣ ಅನಿಸುತ್ತದೆ. ಕೂತವನು ಏಳುವುದಿಲ್ಲ. ಪಂಪಾಪತಿ ಇದನ್ನೆಲ್ಲ ತರಬೇತಿಯಲ್ಲಿ ಓದಿದ್ದ.

ಪರದೆಯ ಮೂಲೆಯಲ್ಲಿ ಯಾರೂ ನೋಡದ ಇನ್ನೊಂದು ಅಂಕಿ ಇತ್ತು. ಇಂಗಾಲದ ಡೈಆಕ್ಸೈಡಿನದು. ಕ್ಷಾರದ ನೀರು ಆ ಅನಿಲವನ್ನು ಹೀರಿಕೊಂಡು ಕೆಡುತ್ತದೆ. ಹಾಗಾಗಿ ತಟ್ಟೆಗಳ ಆರೋಗ್ಯಕ್ಕೆಂದು ಆ ಮೀಟರನ್ನು ಹಾಕಿದ್ದರು. ಗಂಟೆ ಹನ್ನೊಂದಾಗಲು ಮೂರು ನಿಮಿಷ ಇರುವಾಗ ಪಂಪಾಪತಿಯ ಕಣ್ಣು ಅದರ ಮೇಲೆ ಬಿತ್ತು. ಬೆಳಿಗ್ಗೆ ಎಂಟೂಕಾಲಿನಿಂದ ಆ ಅಂಕಿ ಒಂದೇ ಸಮನೆ ಏರಿತ್ತು. ಈ ಹತ್ತು ನಿಮಿಷದಿಂದ ಇಳಿಯತೊಡಗಿತ್ತು.

ಕಬ್ಬಿಣ ಉಸಿರು ತೆಗೆದುಕೊಳ್ಳುತ್ತದೆ, ಬಿಡುವುದಿಲ್ಲ. ಬಿಡುವವರು ಬೇರೆ. ಎಂಟೂಕಾಲಿನಿಂದ ನಾಲ್ಕನೆಯ ಸುರಂಗದಲ್ಲಿ ಯಾರೋ ಉಸಿರಾಡುತ್ತಿದ್ದರು. ಹತ್ತು ನಿಮಿಷದಿಂದ ಕಡಿಮೆ ಉಸಿರಾಡುತ್ತಿದ್ದರು.

ಸುದರ್ಶನ್ ಅವರಿಗೆ ಫೋನು ಹಚ್ಚಿದ. “ಸರ್, ಒಳಗ ಜನ ಅದಾರ. ನಿಲ್ಲಿಸ್ತೀನಿ.”

“ಪಂಪಾಪತಿ, ಬೋರ್ಡ್ ಸೊನ್ನೆ ಅಂತಿದೆ” ಎಂದರು ಸುದರ್ಶನ್. “ನೀವು ನಿಲ್ಲಿಸಿದ್ರೆ ಮೂರು ಜಿಲ್ಲೆ ಕತ್ತಲಾಗುತ್ತೆ. ಆಸ್ಪತ್ರೆ ಇದೆ, ರೈಲಿದೆ. ಯಾವ ಆಧಾರದ ಮೇಲೆ ನಿಲ್ಲಿಸಿದ್ರಿ ಅಂತ ಕೇಳಿದ್ರೆ ಏನು ಹೇಳ್ತೀರಿ?”

“ನಿಮಗೂ ಗೊತ್ತೈತಲ್ಲ ಸರ್, ಬಿಲ್ಲೆ ಸುದ್ದಿ!”

“ನೀವು ಬರೆದುಕೊಟ್ಟಿದ್ರಾ?”

ಪಂಪಾಪತಿ ಫೋನು ಇಟ್ಟ. ಅಂಕಿ ಒಂಬತ್ತಕ್ಕೆ ಬಂದಿತ್ತು. ಬರೀ ನಿಲ್ಲಿಸಿದರೆ ಸಾಲದು. ಫ್ಯಾನು ಪೂರ್ತಿ ತಿರುಗಿದರೂ ಹೊಸ ಗಾಳಿ ಸುರಂಗದ ಕೊನೆ ಮುಟ್ಟಲು ಇಪ್ಪತ್ತು ನಿಮಿಷ ಬೇಕು. ಆದರೆ ಆಮ್ಲಜನಕ ಅಲ್ಲೇ ಇತ್ತು. ಆ ಹೆಂಗಸರ ಪಕ್ಕದಲ್ಲೇ, ಮೊಳ ದೂರದಲ್ಲೇ, ತುಕ್ಕಿನೊಳಗೆ ಸೆರೆಯಾಗಿತ್ತು. ಅದನ್ನು ತಿರುಗಿ ಕಬ್ಬಿಣ ಮಾಡಿದರೆ ಗಾಳಿ ಒಳಗಿನಿಂದಲೇ ಹುಟ್ಟುತ್ತದೆ. ಬಿಸಿಲಿಲ್ಲದಿದ್ದರೇನು, ಉಳಿದ ಐದು ಸುರಂಗಗಳಲ್ಲಿ ಇದ್ದಬದ್ದ ಕರೆಂಟನ್ನೆಲ್ಲ ನಾಲ್ಕನೆಯದಕ್ಕೆ ತಿರುಗಿಸಬಹುದು.

ತಿರುಗಿಸಿದ. ಮೂರು ಜಿಲ್ಲೆಗಳ ದೀಪಗಳು ಒಂದೇ ಏಟಿಗೆ ಆರಿದವು. ಗ್ರಿಡ್ಡನ್ನೇ ನಂಬಿದ್ದ ಸುರಂಗಗಳ ಫ್ಯಾನುಗಳೂ, ಬಾಗಿಲ ಅಗುಳಿ ಎತ್ತುವ ಮೋಟಾರುಗಳೂ ನಿಂತವು. ನಿಯಂತ್ರಣ ಕೊಠಡಿ ಮಾತ್ರ ತನ್ನದೇ ಬ್ಯಾಟರಿಯ ಮೇಲೆ ಬೆಳಗುತ್ತಿತ್ತು. ನಾಲ್ಕು ಫೋನುಗಳು ಒಟ್ಟಿಗೆ ಹೊಡೆದುಕೊಂಡವು. ಅವನು ಯಾವುದನ್ನೂ ಎತ್ತಲಿಲ್ಲ. ಒಂಬತ್ತು ಹನ್ನೆರಡಾಯಿತು, ಹದಿನೇಳಾಯಿತು, ಇಪ್ಪತ್ತೊಂದಾಯಿತು. ಅವನು ಸುರಂಗದ ಫೋನಿಗೆ ಮತ್ತೆ ಮತ್ತೆ ರಿಂಗು ಕೊಟ್ಟ. ಆರನೆಯ ಸಲ ಯಾರೋ ಎತ್ತಿದರು.

“ಯಾರು?” ಹುಲಿಗೆಮ್ಮನ ದನಿ. ಕುಡಿದವರ ದನಿಯಂತೆ ಎಳೆಯುತ್ತಿತ್ತು.

“ಅಕ್ಕಾ! ನಾನು, ಪಂಪಾ!”

“ತಮ್ಮಾ, ತಲಿ ಸಿಡೀತೈತೋ. ಏನಾಗಿತ್ತೋ ತಿಳೀವಲ್ದು. ಎಲ್ಲಾರೂ ಬಿದ್ದಿದ್ವಿ. ಸುಂಕ್ಲಮ್ಮ ಎದ್ದಾಳ. ಖಾಜಾಬಿ ವಾಂತಿ ಮಾಡ್ಕೊಳಾಕ ಹತ್ಯಾಳ. ದುರುಗಿನೂ ಕಣ್ಣು ಬಿಟ್ಲು.”

ನಾಲ್ವರೂ. ಪಂಪಾಪತಿ ಮೇಜಿನ ಮೇಲೆ ಹಣೆಯಿಟ್ಟು ಮಗುವಿನಂತೆ ಅತ್ತುಬಿಟ್ಟ. ಆ ಕಡೆಯಿಂದ ಅಕ್ಕ ಹೇಳುತ್ತಲೇ ಇದ್ದಳು: “ಯಾಕಳ್ತಿ ಹುಚ್ಚಪ್ಪ? ನಾವು ಚಂದ ಅದೀವಿ. ಗಾಳಿ ಎಷ್ಟು ತಂಪೈತಿ ಈಗ, ಬೆಟ್ಟದ ಮ್ಯಾಲಿನ ಗಾಳಿ ಇದ್ದಂಗೈತಿ.”

“ಬಾಗಿಲ ಕಡೆ ಬರ್ರಿ ಅಕ್ಕ. ಎಲ್ಲಾರನೂ ಕರಕೊಂಡು ಬಾಗಿಲ ಹತ್ರ ಬಂದು ನಿಲ್ರಿ. ಈಗ ತೆಗಿಸ್ತೀನಿ.”

ಅವಳು ಫೋನನ್ನು ಕೊಂಡಿಗೆ ಸಿಕ್ಕಿಸಲಿಲ್ಲ. ಹಾಗೇ ಜೋತುಬಿಟ್ಟು ಹೋದಳು. ಅವನು ಇನ್ನೊಂದು ಫೋನಿನಲ್ಲಿ ಗಾದಿಲಿಂಗನನ್ನು ಹಿಡಿದ. ಗಾದಿಲಿಂಗ ಈಗ ಬಾಗಿಲಲ್ಲೇ ಇದ್ದ, ಅಳುವುದೊಂದು ಬಾಕಿ. “ಸರ, ಅಗುಳಿ ಬಿದ್ದಾವ, ಕರೆಂಟ್ ಇಲ್ಲ, ಏಳವಲ್ವು. ವೆಲ್ಡಿಂಗ್ ಹುಡುಗ್ರು ಬ್ಯಾಟರಿ ಗ್ರೈಂಡರ್ ತಂದಾರ. ಕೊಯ್ಸಲೇನು?”

“ಕೊಯ್ಸು! ಲಗೂನ ಕೊಯ್ಸು!” ಎಂದ ಪಂಪಾಪತಿ.

ಹಾಗೆ ಹೇಳಿ, ಕಣ್ಣೊರೆಸಿಕೊಂಡು, ಪರದೆಯತ್ತ ನೋಡಿದ. ಅಕ್ಕನ ದನಿ ಕೇಳಿದಾಗಿನಿಂದ ಅವನು ಅದರ ಕಡೆ ನೋಡಿರಲಿಲ್ಲ. ಬರೀ ಐದು ನಿಮಿಷ. ಆ ಐದು ನಿಮಿಷವೂ ಐದು ಸುರಂಗಗಳ ಕರೆಂಟು ನಾಲ್ಕನೆಯದಕ್ಕೆ ಹರಿಯುತ್ತಲೇ ಇತ್ತು. ಆಮ್ಲಜನಕದ ಅಂಕಿ ನಲವತ್ತೊಂದು.

ನಲವತ್ತೊಂದು ಪಾಲು ಆಮ್ಲಜನಕದಲ್ಲಿ ಒಂದು ಕಿಡಿ ಸಾಕು. ಹತ್ತಿ ಬಟ್ಟೆ ಕರ್ಪೂರದ ಹಾಗೆ ಉರಿಯುತ್ತದೆ, ಕೂದಲು ಉರಿಯುತ್ತದೆ. ಅವನು ಸ್ವಿಚ್ಚು ಕಿತ್ತೆಸೆದವನಂತೆ ಕರೆಂಟು ನಿಲ್ಲಿಸಿದ. ಅಂಕಿ ಇಳಿಯಲಿಲ್ಲ, ಗಾಳಿ ಎಳೆಯುವ ಫ್ಯಾನುಗಳು ನಿಂತೇ ಇದ್ದವು. ಗಾದಿಲಿಂಗನಿಗೆ ಮತ್ತೆ ಫೋನು ಹಚ್ಚಿದ, ಅದು ಹೊಡೆದುಕೊಳ್ಳುತ್ತಲೇ ಇತ್ತು. ಗ್ರೈಂಡರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಪಂಪಾಪತಿ ಸುರಂಗದ ಫೋನಿಗೆ ಬಾಯಿಟ್ಟು ಕೂಗಿದ. “ಅಕ್ಕಾ, ಹಿಂದ ಸರೀರಿ! ಬಾಗಿಲ ಬಿಟ್ಟು ಹಿಂದ ಓಡ್ರಿ!”

ಜೋತುಬಿದ್ದ ಫೋನಿನೊಳಗಿಂದ ದೂರದ ಗರಗರ ಸದ್ದು ಬರುತ್ತಿತ್ತು. ಯಾರೋ ಒಬ್ಬಳು ನಕ್ಕಳು. ಖಾಜಾಬಿ ಇರಬೇಕು, ಬಾಗಿಲಾಚೆಯ ಗಂಡಸರಿಗೆ ಏನೋ ಬೈದಳು. ಆಮೇಲೆ ಹಲಗೆ ಬಡಿದಂಥ ಒಂದು ಸದ್ದು. ಆಮೇಲೆ ಪಂಪಾಪತಿ ಕೇಳಬೇಕಾದದ್ದನ್ನೆಲ್ಲ ಕೇಳಿದ. ಅದು ಹೆಚ್ಚು ಹೊತ್ತು ಇರಲಿಲ್ಲ.

ಮೂವರು ಅಲ್ಲೇ ಹೋದರು. ಹುಲಿಗೆಮ್ಮ ಎಲ್ಲರನ್ನೂ ಮುಂದೆ ಕಳಿಸಿ ಕೊನೆಗೆ ಬರುತ್ತಿದ್ದಳಂತೆ. ಬಾಗಿಲಿಂದ ಹತ್ತು ಹೆಜ್ಜೆ ಹಿಂದಿದ್ದಳು. ಹಾಗಾಗಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ದಿನ ಬದುಕಿದಳು.

ಎರಡನೆಯ ದಿನ ತಹಸೀಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದರು. ಡಾಕ್ಟರು ಪಕ್ಕದಲ್ಲಿ ನಿಂತಿದ್ದರು. ಪಂಪಾಪತಿಯನ್ನು ಬಾಗಿಲಾಚೆ ನಿಲ್ಲಿಸಿದ್ದರು. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಬಿಲ್ಲೆ ಯಾಕೆ ಒಳಗೆ ಒಯ್ಯಲಿಲ್ಲಮ್ಮ? ಯಾರಾದರೂ ಬಿಚ್ಚಿಡಲು ಹೇಳಿದರಾ?”

“ಯಾರೂ ಹೇಳಿಲ್ಲರಿ” ಎಂದಳು ಹುಲಿಗೆಮ್ಮ. ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು. “ನಾವ ಹೊರಗ ಇಟ್ಟಿದ್ವಿ. ಕೊರಳಿಗೆ ಒತ್ತತೈತಿ ಅಂತ.”

“ನಿಮ್ಮ ತಮ್ಮನಿಗೆ ಈ ವಿಷಯ ಗೊತ್ತಿತ್ತಾ?”

“ಅವಗ ಏನೂ ಗೊತ್ತಿರಲಿಲ್ಲ. ಗೊತ್ತಾಗಿದ್ರ ನಮ್ಮನ್ನ ಬಿಡ್ತಿದ್ದನ?”

ತಹಸೀಲ್ದಾರರು ಅವಳ ಹೆಬ್ಬೆರಳನ್ನು ಹುಡುಕಿದರು. ಸಿಗಲಿಲ್ಲ. ಡಾಕ್ಟರು ಸಹಿ ಮಾಡಿದರು.

ಅವರು ಹೋದ ಮೇಲೆ ಪಂಪಾಪತಿ ಒಳಗೆ ಬಂದು ಮಂಚದ ಪಕ್ಕ ನಿಂತ. ಮುಟ್ಟಲು ಜಾಗವಿರಲಿಲ್ಲ. ಹುಲಿಗೆಮ್ಮ ಬಹಳ ಹೊತ್ತಿನ ಮೇಲೆ ಕಣ್ಣು ತೆರೆದಳು.

“ಪಂಪಾ, ಅಲ್ಲಿ ಬಿದ್ದಿದ್ನಲ್ಲಾ, ಆಗ ಏನೂ ನೋವಿರಲಿಲ್ಲೋ. ಅವ್ವನ ತೊಡಿ ಮ್ಯಾಲೆ ಮಲಗಿದಂಗ ಇತ್ತು.” ಉಸಿರು ಎಳೆದುಕೊಂಡಳು. “ಯಾಕ ಎಬ್ಬಿಸಿದಿ ನನ್ನ?”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ಮರುದಿನ ಬೆಳಿಗ್ಗೆ ಅವಳು ಸತ್ತಳು.

ವಿಚಾರಣೆ ಒಂದು ತಿಂಗಳು ನಡೆಯಿತು. ಸ್ಥಾವರದವರು ಕರೆಸಿದ್ದ ಪರಿಣತರೊಬ್ಬರು ಎಲ್ಲವನ್ನೂ ಚೆನ್ನಾಗಿ ವಿವರಿಸಿದರು. ಪಂಪಾಪತಿ ಕರೆಂಟನ್ನು ತಿರುಗಿಸದೆ ಇದ್ದಿದ್ದರೂ ಆ ನಾಲ್ವರು ಸಾಯುತ್ತಿದ್ದರು, ಆದರೆ ನೋವಿಲ್ಲದೆ ಸಾಯುತ್ತಿದ್ದರು ಎಂದರು. ಸತ್ತವರ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಗಾದಿಲಿಂಗ, ಹೆಂಗಸರೇ ಬಿಲ್ಲೆ ಬಿಚ್ಚಿಟ್ಟು ತನಗೆ ಹೇಳದೆ ಒಳಗೆ ಹೋದರು ಎಂದ. ಸುದರ್ಶನ್, ತಮಗೆ ಯಾವ ದೂರೂ ಬರಹದಲ್ಲಿ ಬಂದಿರಲಿಲ್ಲ ಎಂದರು. ಅದು ನಿಜವೇ ಆಗಿತ್ತು. ಕೊನೆಗೆ ಪಂಪಾಪತಿಯನ್ನು ಕರೆದು, ಹುಲಿಗೆಮ್ಮನ ಹೇಳಿಕೆಯನ್ನು ಓದಿ, ಇದು ಸರಿಯೇ ಎಂದು ಕೇಳಿದರು. ಇಲ್ಲ ಎಂದರೆ ಗಾದಿಲಿಂಗನ ಜೊತೆ, ಸುದರ್ಶನ್ ಜೊತೆ ತಾನೂ ಜೈಲಿಗೆ ಹೋಗಬೇಕಿತ್ತು. ಐದು ತಿಂಗಳು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಆ ಮುಂದಿನ ಸಾಲಿಗೆ ಹೇಳಬೇಕಿತ್ತು.

“ಸರಿ ಐತ್ರಿ” ಎಂದ.

ದುರುಗಮ್ಮನ ಗಂಡ ಎದ್ದು ನಿಂತ. “ನನ್ನ ಹೆಂಡತಿ ಅಂಥಾಕಿ ಅಲ್ರೀ. ಬಿಲ್ಲೆ ಬಿಡೋ ಪೈಕಿ ಅಲ್ಲ ಆಕಿ” ಎಂದ. ಅವನನ್ನು ಕೂರಿಸಿದರು. ನಾಲ್ವರೂ ತಮ್ಮ ಅಜಾಗರೂಕತೆಯಿಂದಲೇ ಸತ್ತರು ಎಂದು ವರದಿಯ ಕರಡು ತಯಾರಾಯಿತು.

ವಿಚಾರಣೆಯ ಅಧಿಕಾರಿ ಕೆಲಸದಲ್ಲಿ ಕಟ್ಟುನಿಟ್ಟಿನ ಹೆಂಗಸು. ವರದಿಗೆ ಸಹಿ ಹಾಕುವ ಮುಂಚೆ ಒಂದು ಮಧ್ಯಾಹ್ನ ಪಂಪಾಪತಿಯ ಮನೆಗೇ ಬಂದರು. ಕುರ್ಚಿಯಲ್ಲಿ ಕೂತು, ನೀರು ಕುಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತುಂಗಾಳನ್ನು ಹತ್ತಿರ ಕರೆದರು.

“ನಿಮ್ಮ ಅತ್ತೆ ಮನೆಯಲ್ಲಿ ಯಾವಾಗಾದರೂ ಈ ಬಿಲ್ಲೆಯ ವಿಷಯ ಮಾತಾಡಿದ್ದು ನೆನಪಿದೆಯಾ ಮಗು? ಅಪ್ಪನ ಹತ್ತಿರ? ಊಟ ಮಾಡುವಾಗ, ಹಾಗೇ ಏನಾದರೂ? ಹೆದರಬೇಡ.”

ಪಂಪಾಪತಿಗೆ ಎದ್ದು ನಿಲ್ಲಬೇಕೆನಿಸಿತು. ಏಳಲಿಲ್ಲ.

ತುಂಗಾ ಅಧಿಕಾರಿಯ ಮುಖವನ್ನೇ ನೋಡುತ್ತ ಹೇಳಿದಳು. “ಇಲ್ಲ ಮೇಡಂ. ಅತ್ತಿ ಮನ್ಯಾಗ ಕೆಲಸದ ಮಾತ ಆಡ್ತಿರಲಿಲ್ಲ.”

ಒಂದು ಸಲವೂ ತಡವರಿಸಲಿಲ್ಲ. ಅಧಿಕಾರಿ ಬರೆದುಕೊಂಡರು, ಅವಳ ತಲೆ ನೇವರಿಸಿದರು, ಹೋದರು. ಜೀಪಿನ ಸದ್ದು ಓಣಿ ದಾಟುವವರೆಗೆ ಅಪ್ಪ ಮಗಳು ಇದ್ದಲ್ಲೇ ಇದ್ದರು.

“ತುಂಗಾ” ಎಂದ ಪಂಪಾಪತಿ. “ನೀ ನನ್ನ ಉಳಿಸಿದಿ, ತಾಯಿ.”

“ನಿನ್ನ ಸಲುವಾಗಿ ಹೇಳಲಿಲ್ಲ” ಎಂದಳು ತುಂಗಾ. “ಅತ್ತಿ ಸಾಯೋ ಮುಂದ ಸುಳ್ಳು ಹೇಳಿ ಸತ್ಲು ಅಂತ ನಾಕು ಮಂದಿ ಆಡ್ಕೋಬಾರದು. ಅದಕ್ಕ ಹೇಳಿದೆ.”

ಅಧಿಕಾರಿ ಕುಡಿದಿಟ್ಟ ಲೋಟ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅನ್ನ, ಸಾರು ತಂದು ಅವನ ಮುಂದಿಟ್ಟಳು. ತನ್ನ ತಟ್ಟೆ ಹಿಡಿದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಬ್ಬಳೇ ಉಂಡಳು. ಮರುದಿನವೂ ಹಾಗೇ ಉಂಡಳು. ಅವನನ್ನು ಅಪ್ಪ ಎಂದು ಕರೆಯುವುದನ್ನು ಅವಳು ನಿಲ್ಲಿಸಿದ್ದಾಳೆಂದು ಅವನಿಗೆ ತಿಳಿಯಲು ಒಂದು ವಾರ ಹಿಡಿಯಿತು.

ವರದಿ ಬಂದ ಮೂರನೆಯ ದಿನ ಮೋಡ ಹರಿದು ಬಿಸಿಲು ಬಿತ್ತು. ನಾಲ್ಕನೆಯ ಸುರಂಗಕ್ಕೆ ಹೊಸ ಬಾಗಿಲು ಕೂರಿಸಿ, ಗೋಡೆಗೆ ಸುಣ್ಣ ಬಳಿದು ಮುಗಿಸಿದ್ದರು. ಸ್ಥಾವರದಿಂದ ಕರೆ ಬಂತು. ಪಂಪಾಪತಿ ಅಂಗಿ ಇಸ್ತ್ರಿ ಮಾಡಿಕೊಂಡು, ಎಂಟರ ಬಸ್ಸು ಹತ್ತಿ ಪಾಳಿಗೆ ಹೋದ.